ಲೀಟರಿಗೆ ಏಳು ಪಾಯಿಂಟ್ ಎರಡು

ಇಪ್ಪತ್ತಾರು ವರ್ಷ ಕಲ್ಗೂರ್ಲಿಯ ಅಸ್ಸೇ ಲ್ಯಾಬಿನಲ್ಲಿ
ಕಲ್ಲು ಪುಡಿಮಾಡಿ, ಸೀಸ ಬೆರೆಸಿ, ಪುಟಕ್ಕಿಟ್ಟು
ಟನ್ನಿಗೆ ಎಷ್ಟು ಗ್ರಾಂ ಚಿನ್ನ ಎಂದು ಬರೆದುಕೊಟ್ಟವನು ನಾನು.
ಒಂದೂವರೆ ಇದ್ದರೆ ಗುಡ್ಡವನ್ನೇ ಅಗೆಯುತ್ತಾರೆ.
ಕಾಲಿದ್ದರೆ ಅದು ಬರೀ ಕಲ್ಲು.

ಈಗ ನನ್ನದೇ ಸ್ಯಾಂಪಲ್.
ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ, ಎಡತೋಳಿಂದ.
ಒಂದನ್ನು ನಂಬಬಾರದೆಂದು ಇನ್ನೊಂದು ಸಲ.
ನಾವೂ ಹಾಗೇ ಮಾಡುವುದು.
ಡಾಕ್ಟರ್ ಹ್ಯಾರಪ್ ಕನ್ನಡಕ ಮೇಲೆತ್ತಿ ಓದಿದರು:
ಏಳು ಪಾಯಿಂಟ್ ಎರಡು. ಏಳು ಪಾಯಿಂಟ್ ಸೊನ್ನೆ.
ಅಗೆಯುವುದೋ, ಬಿಡುವುದೋ? ಅಂತ ಕೇಳಿದೆ.
ಅವರಿಗೆ ತಮಾಷೆ ಅರ್ಥವಾಗಲಿಲ್ಲ.
ಕಾರಿನಲ್ಲಿ ಕೂತ ಮೇಲೆ ನನಗೂ.

ಇದಕ್ಕೂ ಮೊದಲು ಒಂದು ವರ್ಷ ಡಬ್ಬಿಗಳ ಕಾಲ.
ಡ್ರಿಲ್ ನಡೆಸುವ ಕ್ರೇಗ್ ಹೇಳಿದ್ದು, ಕರಡಿ ಚಿತ್ರದ್ದು.
ಸತು, ಮೆಂತ್ಯದ ಸಾರ, ಇನ್ನೇನೋ ಬೇರು.
ಸಾಸಿವೆ ಜೀರಿಗೆಯ ಪಕ್ಕ ಸಾಲಾಗಿ ನಿಂತವು.
ಗಂಗರತ್ನ ಒಂದರ ಬೆನ್ನು ಓದಿ ನಕ್ಕಳು:
‘ಇದು ನಮ್ಮ ಹಿರೇಮದ್ದಲ್ಲವಾ?
ಆಂಡರ್ಸನ್‌ಪೇಟೆಯ ತಿಪ್ಪೆ ಮೇಲೆ ಬೆಳೀತಿತ್ತು,
ಮೇಕೆಯೂ ಮೂಸುತ್ತಿರಲಿಲ್ಲ.
ಅರವತ್ತು ಗುಳಿಗೆಗೆ ಐವತ್ತೆರಡು ಡಾಲರ್!’
ಮೆಂತ್ಯವನ್ನಂತೂ ಹಲ್ಲು ಬಂದಾಗಿನಿಂದ ತಿಂದಿದ್ದೇನೆ.
ಅದರಿಂದ ಗಂಡಸುತನ ಬರುವ ಹಾಗಿದ್ದರೆ
ನಮ್ಮ ದೋಸೆಹಿಟ್ಟಿಗೆ ಇಷ್ಟು ಹೊತ್ತಿಗೆ ಮೀಸೆ ಬಂದಿರಬೇಕಿತ್ತು.

ಏನು ಕಳೆದಿತ್ತು ಅಂದರೆ ಹೇಳುವುದು ಕಷ್ಟ.
ಅದೊಂದೇ ಅಲ್ಲ. ಅದೂ ಹೌದು.
ಮಧ್ಯಾಹ್ನ ಮೂರಕ್ಕೆ ಕುರ್ಚಿ ನನ್ನನ್ನು ನುಂಗುತ್ತಿತ್ತು.
ನಮ್ಮ ತಂಡ ಸೋತರೂ ಸಿಟ್ಟು ಬರುತ್ತಿರಲಿಲ್ಲ.
ಗಣಿಯಲ್ಲಿ ಸಿಡಿಸಿದಾಗ ಕಿಟಕಿ ನಡುಗುತ್ತಿತ್ತು, ನಾನಿಲ್ಲ.
ರಾತ್ರಿ ಅವಳ ಕೈ ಬಂದು ಎದೆಯ ಮೇಲೆ ಕೂತರೆ
ಬಾಗಿಲು ತಟ್ಟುವ ಸದ್ದಿಗೆ ದೀಪ ಆರಿಸಿ
ಉಸಿರು ಬಿಗಿಹಿಡಿದ ಸಾಲಗಾರನ ಹಾಗೆ
ಮಲಗಿರುತ್ತಿದ್ದೆ.

ಈಗ ಬಿಳಿ ಕ್ರೀಮು. ಅಳೆಯಲು ಗೆರೆಯಿರುವ ಪುಟ್ಟ ಕೊಳವೆ.
ಸ್ನಾನವಾದ ಮೇಲೆ ಭುಜಕ್ಕೆ, ಪಕ್ಕೆಗೆ.
ಒಣಗುವತನಕ ಅಂಗಿ ಹಾಕುವಂತಿಲ್ಲ,
ಹಾಕಿದ ಮೇಲೆ ತೆಗೆಯುವಂತಿಲ್ಲ,
ಹೆಂಗಸರಿಗೆ, ಮಕ್ಕಳಿಗೆ ಸೋಕಬಾರದು
ಎಂದು ಚೀಟಿಯಲ್ಲಿ ದಪ್ಪ ಅಕ್ಷರ.
ಮುಟ್ಟುವ ಆಸೆ ಬರಲೆಂದು ಹಚ್ಚಿಕೊಂಡವನು
ಯಾರನ್ನೂ ಮುಟ್ಟದೆ ನಿಲ್ಲಬೇಕು.
ಚಿಕ್ಕಂದಿನಲ್ಲಿ ಎದುರು ಬೀದಿಯ ಅಯ್ಯನವರು
ಒದ್ದೆ ಪಂಚೆಯಲ್ಲಿ, ತೋಳು ದೂರ ಹಿಡಿದು
ನಮ್ಮನ್ನು ಕಂಡು ಗೋಡೆಗೆ ಸರಿಯುತ್ತಿದ್ದರು.
ಈಗ ಸರಿಯುವವನು ನಾನು.
‘ಉಪ್ಪುಮೂಟೆ!’ ಎಂದು ಇಂಚರ ಓಡಿಬಂದರೆ
ಫ್ರಿಜ್ಜಿಗೆ ಬೆನ್ನು ಒತ್ತಿ, ‘ಸಂಜೆಗೆ, ಕಂದಾ.’
ತಾತನಿಗೆ ಪೇಂಟ್ ಹೊಡೆದಿದಾರೆ, ಇನ್ನೂ ಒಣಗಿಲ್ಲ
ಅಂತ ಶಿಶುವಿಹಾರದಲ್ಲೆಲ್ಲ ಸಾರಿಬಿಟ್ಟಿದ್ದಾಳೆ.

ನಲವತ್ತೊಂದು ಡಿಗ್ರಿ ಕಂಡ ಒಂದು ದಿನದ ರಾತ್ರಿ
ಗಂಗರತ್ನ ಟ್ಯೂಬನ್ನು ತಿರುಗಿಸಿ ನೋಡುತ್ತ ಅಂದಳು:
‘ನನ್ನದು ನಿಂತಾಗ ಐದು ವರ್ಷ ಬೆವತೆ.
ನಡುರಾತ್ರಿ ಫ್ರೀಜರ್ ಬಾಗಿಲು ತೆಗೆದು
ಬಟಾಣಿ ಪೊಟ್ಟಣ ಕತ್ತಿಗೆ ಇಟ್ಟುಕೊಂಡು ನಿಂತಿರುತ್ತಿದ್ದೆ.
ನೀವು ಎದ್ದು ಬಂದು, ಕರೆಂಟ್ ಬಿಲ್ಲು, ಅಂದಿರಿ.’
ಸಿಟ್ಟಿನಿಂದಲ್ಲ. ತೂಕ ಹೇಳುವ ದನಿಯಲ್ಲಿ.
ಕಾಳಿನಷ್ಟು ಚಿನ್ನಕ್ಕೂ ತಕ್ಕಡಿ ಹಿಡಿದವನು
ಅದನ್ನು ತೂಗಿಯೇ ಇರಲಿಲ್ಲ.

ಮೂರು ತಿಂಗಳಿಗೆ ಮತ್ತೆ ರಕ್ತ. ಹದಿನಾಲ್ಕು.
ಡಾಕ್ಟರಿಗೆ ಸಮಾಧಾನ. ಪ್ರಾಸ್ಟೇಟು, ರಕ್ತದ ಮಂದ
ಆಗಾಗ ನೋಡುತ್ತಿರಬೇಕಂತೆ.
ಬೇಲಿಯ ಮುರಿದ ಹಲಗೆ ಕೂಡಿಸಿದೆ.
ಶನಿವಾರ ಅಂಪೈರಿಗೆ ಬಾಯ್ತುಂಬ ಬೈದೆ, ಕೋಲಾರದ ತೆಲುಗಿನಲ್ಲಿ.
ಇದರಲ್ಲಿ ಕ್ರೀಮಿನ ಪಾಲೆಷ್ಟು, ಬಟಾಣಿ ಪೊಟ್ಟಣದ ಪಾಲೆಷ್ಟು
ಬೇರ್ಪಡಿಸುವ ಕುಲುಮೆ ನಮ್ಮ ಲ್ಯಾಬಿನಲ್ಲಿಲ್ಲ.

ಸಂಜೆ ಸೋಪು ಹಚ್ಚಿ ಭುಜ ತೊಳೆದು ಬಂದೆ.
ಅವಳು ಶಾಲು ಹೊದ್ದು ಬೀನ್ಸ್ ನಾರು ತೆಗೆಯುತ್ತಿದ್ದಳು.
ಮೂಲೆಯ ಫ್ಯಾನು ತಂದು ಅವಳ ಕಡೆ ತಿರುಗಿಸಿದೆ.
‘ಜೂನಿನ ಚಳೀಲಾ?’ ಅಂದಳು.
ಆರಿಸು ಅನ್ನಲಿಲ್ಲ.

ಬಾಗಿಲ ಸಂದಿಯಿಂದ ಇಂಚರ:
‘ಒಣಗಿತಾ, ತಾತಾ?’