ಸೊಂಟಕ್ಕೆ ಕಟ್ಟಿದ್ದು

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ
ನಾನೂರ ಎಂಬತ್ತಕ್ಕೆ ಸಿಕ್ಕಿತು, ಅರುವತ್ತನಾಲ್ಕು ಜಿಬಿ,
ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ.
ತುದಿಯಲ್ಲೊಂದು ತೂತು, ದಾರಕ್ಕೆ.
ಆ ತೂತು ನೋಡಿಯೇ ಕೊಂಡದ್ದು ನಾನು.

ಅಜ್ಜ, ಕಟಪಾಡಿಯ ದೂಮ ಪೂಜಾರಿ,
ದಿನಕ್ಕೆ ಎರಡು ಹೊತ್ತು ಹದಿನೆಂಟು ತೆಂಗು ಹತ್ತಿ ಇಳಿದವರು.
ಸೊಂಟದ ಹಿಂದೆ ಮೂರ್ತೆಯ ಕತ್ತಿ,
ಹೊಂಬಾಳೆ ಬಡಿಯುವ ಎಲುಬು, ಕಟ್ಟಲು ನಾರು,
ಒಂದು ಚಿಟಿಕೆ ಸುಣ್ಣ. ಮುಗಿಯಿತು ಅವರ ಆಫೀಸು.
‘ಮರದ ತಲೆಯಲ್ಲಿ ಕೂತವನಿಗೆ
ನೆಲದಲ್ಲಿ ಇರುವುದು ಇಲ್ಲದ್ದಕ್ಕೆ ಸಮ, ಮಗಾ.’

ರಾತ್ರಿ ಒಂಬತ್ತೂವರೆ. ಮೀನಿನ ಮುಳ್ಳು ಒರೆಸಿ
ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ.
ಮೊದಲು ಫಾರ್ಮ್ಯಾಟ್. ಹಳೆಯ ಪದ್ಧತಿಯಲ್ಲಿ ಮಾಡಿದರೆ
ನಾಲ್ಕು ಜಿಬಿಗಿಂತ ದೊಡ್ಡ ತುತ್ತು ನುಂಗಲಾರೆ ಎಂದಿತು.
ಅಳಿಸಿದೆ. ಮತ್ತೊಮ್ಮೆ. ಗಂಟಲು ದೊಡ್ಡದಾಯಿತು.

ಏನೇನು ತುಂಬಲಿ?
ಡಿಸ್ಕ್ ಸತ್ತರೂ ಏಳಬಲ್ಲ ಒಂದು ಲಿನಕ್ಸ್,
ವಿಂಡೋಸ್ ಹೊಸದಾಗಿ ಹಾಕಲು ಇನ್ನೊಂದು,
ರ್‍ಯಾಮ್ ಸುಳ್ಳು ಹೇಳುತ್ತಿದೆಯೇ ಎಂದು ಕೇಳುವ ಪುಟ್ಟ ಪರೀಕ್ಷೆ,
ಅಳಿಸಿಹೋದ ಫೋಟೋಗಳನ್ನು ಬೂದಿ ಕೆದಕಿ ಎತ್ತುವಂಥದು,
ನೆಟ್‌ವರ್ಕ್ ಕಾರ್ಡಿನ ಡ್ರೈವರ್‌ಗಳು. ಯಾಕೆಂದರೆ
ಇಂಟರ್ನೆಟ್ ಇಲ್ಲದ ಯಂತ್ರಕ್ಕೆ
ಇಂಟರ್ನೆಟ್ಟಿನಿಂದ ತಂದುಕೋ ಎಂದರೆ,
ಕತ್ತಿ ಕೆಳಗೆ ಬಿಟ್ಟು ಹತ್ತಿದ ಹಾಗೆ.
ವೈರಸ್ ಹಿಡಿಯುವುದೂ ಬೇಕು; ಆದರೆ ಅದರ ಪಟ್ಟಿ
ಬೆಳಗಿನ ಶೇಂದಿ. ಹೊತ್ತು ಏರಿದಂತೆ ಹುಳಿ.
ಪ್ರತಿ ಸೋಮವಾರ ಹೊಸತು ಇಳಿಸಬೇಕು.

ಕೊನೆಗೆ ನನ್ನದೇ ಒಂದು ಟಿಪ್ಪಣಿ:
‘ಪಡುಕೆರೆ ಶಾಲೆ: ಎಫ್ ಹನ್ನೆರಡು. ಉದ್ಯಾವರ ಸೊಸೈಟಿ: ಎಫ್ ಒಂಬತ್ತು, ಬೇಗ ಬೇಗ ಒತ್ತು.
ಮಲ್ಪೆ ಐಸ್ ಪ್ಲಾಂಟ್: ಮುಂದಿನ ಪೋರ್ಟಿಗೆ ಉಪ್ಪು ಹಿಡಿದಿದೆ, ಹಿಂದಿನಿಂದ ನುಗ್ಗು.’
ಪಾಸ್‌ವರ್ಡ್ ಒಂದೂ ಬರೆಯಲಿಲ್ಲ.
ಯಾರ ಮರದಲ್ಲಿ ಎಷ್ಟು ಇಳಿಯಿತೆಂದು
ಅಜ್ಜ ಇನ್ನೊಬ್ಬರ ಅಂಗಳದಲ್ಲಿ ಹೇಳಿದವರಲ್ಲ.

ಹಸಿರು ಪಟ್ಟಿ ತೊಂಬತ್ತೇಳಕ್ಕೆ ನಿಂತಿತು.
ಹತ್ತು ನಿಮಿಷ ಅಲ್ಲೇ.
ಪಾತ್ರೆ ತೊಳೆದು ಬಂದೆ, ತೊಂಬತ್ತೆಂಟು.

ಬೆಳಿಗ್ಗೆ ಮಲ್ಪೆ. ಅಮೋನಿಯಾದ ಘಾಟು,
ಮಂಜುಗಡ್ಡೆ ಜಾರುವ ಸದ್ದು, ಕಪ್ಪು ಪರದೆ.
ತುಕಾರಾಮ ಕೋಟ್ಯಾನರು ಬೆವರುತ್ತಿದ್ದರು, ಅಷ್ಟು ಐಸಿನ ನಡುವೆ:
ಇಪ್ಪತ್ತೆರಡು ಬೋಟುಗಳ ಸಾಲ ಒಳಗೆ ಸಿಕ್ಕಿಕೊಂಡಿದೆ.
ದಾರ ಬಿಚ್ಚಿ ತೋರಿಸಿದೆ.
‘ಇಷ್ಟೇ ಸಣ್ಣದಾ ಮಾರಾಯ್ತಿ?
ಹಾಗಾದರೆ ಬಿಲ್ಲೂ ಸಣ್ಣದೇ ಇರಲಿ.’

ಮೇಜಿನಡಿ ನುಗ್ಗಿ, ಜಿರಳೆಗಳಿಗೆ ದಾರಿ ಬಿಟ್ಟು, ಚುಚ್ಚಿದೆ.
ಎದ್ದಿತು. ಆದರೆ ಆ ಯಂತ್ರ ಅದರದ್ದಾಗಿ ಅಲ್ಲ,
ನನ್ನ ದಾರದ ತುದಿಯ ಉಸಿರಿನಿಂದ.
ಅದರ ಡಿಸ್ಕ್ ಒಳಗೊಳಗೇ ಟಿಕ್ ಟಿಕ್ ಎನ್ನುತ್ತಿತ್ತು,
ನಾನು ಅದರ ಮೇಲೆ ಒಂದಕ್ಷರ ಬರೆಯದೆ
ಲೆಕ್ಕದ ಫೈಲನ್ನು ಮೆಲ್ಲಗೆ ಎತ್ತಿಕೊಂಡೆ,
ಹೊಂಬಾಳೆಯ ತುದಿಯನ್ನು ಕೂದಲೆಳೆಯಷ್ಟೇ ಸವರಿ
ಅಜ್ಜ ಕಾಯುತ್ತಿದ್ದರಲ್ಲ, ಹಾಗೆ.

‘ಬಂತಲ್ಲ! ಇನ್ನು ಎಳಿ ಹೊರಗೆ,’
ಕೋಟ್ಯಾನರಿಗೆ ಅವಸರ; ಹೊರಗೆ ಎರಡು ಬೋಟು ಹಾರ್ನ್ ಹೊಡೆಯುತ್ತಿವೆ.
ಪೆನ್‌ಡ್ರೈವಿನ ನೀಲಿ ದೀಪ ಇನ್ನೂ ಮಿಣುಕುತ್ತಿತ್ತು.

ಹತ್ತುವಾಗ ಬಿದ್ದವರು ಕಡಿಮೆ, ಅಜ್ಜ ಹೇಳಿದ್ದು.
ಬೀಳುವುದು ಇಳಿಯುವಾಗ;
ಕೆಲಸ ಮುಗಿಯಿತೆಂದು ಕಾಲು ಅಂದುಕೊಂಡಾಗ.

ನೆಲದ ಮೇಲೆಯೇ ಕೂತೆ, ಕೈ ದಾರದ ಮೇಲೆ.
‘ಒಂದು ನಿಮಿಷ ಅಣ್ಣ.’
ಮಿಣುಕಿತು. ನಿಂತಿತು. ಮತ್ತೆ ಒಮ್ಮೆ ಮಿಣುಕಿತು.