ಹದಿನೇಳನೇ ಬಾಟಲಿ

ಆಲೂರು ರಸ್ತೆಯ ಜವರಪ್ಪನ ಹೊಲದ ಮಣ್ಣು.
ಫಿರ್ದೋಸ್ ಒಣಗಿಸಿ, ಅರೆದು, ಜರಡಿ ಹಿಡಿದು
ನಲವತ್ತು ಬಾಟಲಿಗೆ ತುಂಬಿದಳು.
ಒಂಬತ್ತು ಲ್ಯಾಬುಗಳಿಗೆ ಹಂಚಿ
ಕೇಳಿದ್ದು ಒಂದೇ: ಇದರಲ್ಲಿ ಸತುವೆಷ್ಟು?

ಎಂಟು ಉತ್ತರ ಬಂದು ಕೂತವು,
ಬೀಗರೂಟದ ಪಂಕ್ತಿಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ.
ಒಂಬತ್ತನೆಯದು ಮಾತ್ರ ಅಂಗಳದಲ್ಲೇ ನಿಂತಿತ್ತು.
ನಮ್ಮದು. ಹಾಸನದ್ದು.

ಚಿಕ್ಕಮಗಳೂರಿನಿಂದ ಲೋಬೊ ಫೋನು ಮಾಡಿದರು:
ಸರಾಸರಿಗೆ ಸೇರಿಸದಿದ್ದರಾಯಿತು ಬಿಡಿ,
ಎಲ್ಲರಿಗೂ ಆಗುತ್ತೆ.
ಬೈದಿದ್ದರೆ ಚೆನ್ನಾಗಿತ್ತು.

ಆಮ್ಲ ಬದಲಿಸಿದೆವು. ತಕ್ಕಡಿಯನ್ನೇ ತೂಗಿ ನೋಡಿದೆವು.
ನಾಲ್ಕನೇ ದಿನ ಫಿರ್ದೋಸ್
ತೊಳೆದ ಬೀಕರು ಒಣಹಾಕುವ ಕಿಟಕಿಕಟ್ಟೆಗೆ ಬೆರಳೊತ್ತಿ
ನನ್ನ ಮೂಗಿನ ಮುಂದೆ ಹಿಡಿದಳು: ಬೂದುಬಣ್ಣದ ಪುಡಿ.
ಆಚೆ, ಹೊಸ ಸೈಕಲ್ ಸ್ಟ್ಯಾಂಡಿಗೆ
ಸತು ಲೇಪಿಸಿದ ತಗಡು ಕೊಯ್ಯುತ್ತಿದ್ದರು, ವಾರದಿಂದ.

ಅದನ್ನೂ ಬರೆದು ಎಂಟೂ ಲ್ಯಾಬಿಗೆ ಕಳಿಸಿದೆ.
ಕಿಟಕಿ ಮುಚ್ಚಿ, ಹದಿನೇಳನೇ ಬಾಟಲಿಯ ಸೀಲು ಒಡೆದು
ಮತ್ತೆ ಮೊದಲಿನಿಂದ.
ಪಂಕ್ತಿ ಕೊಂಚ ಸರಿದು ಜಾಗ ಕೊಟ್ಟಿತು.

ಪ್ರಮಾಣಪತ್ರ ಬಂದ ದಿನ ಜವರಪ್ಪನೂ ಇದ್ದ.
ಅಂಕಿಯ ಪಕ್ಕದ ಗುರುತು ಏನೆಂದ.
ಹೆಚ್ಚುಕಮ್ಮಿ, ಎಂದೆ.
ಒಂಬತ್ತು ಕಡೆ ನೋಡಿಯೂ ಹೆಚ್ಚುಕಮ್ಮಿಯಾ ಸಾರ್?
ಹೂಂ ಕಣಪ್ಪ.
ಎಷ್ಟು ಹೆಚ್ಚುಕಮ್ಮಿ ಅಂತ ಈಗ ಗೊತ್ತು.