ವರಖು

ಟ್ಯೂಬಿಗೆ ಚೀಟಿ ಅಂಟಿಸುತ್ತ ಕೇಳಿದೆ: ಹೆಸರು?
ವರ್ಕ್‌ನೆಶ್, ಅಂದಳು.
ಇಪ್ಪತ್ತೊಂದು ವರ್ಷ. ಊರು ಗೊಂದರ್,
ಸದ್ಯ ಬೀದರ, ನೌಬಾದಿನ ಹಾಸ್ಟೆಲು.
ಕಣ್ಣ ಬಿಳಿಯೊಳಗೆ ಯಾರೋ ಅರಿಷಿಣ ಕಲಸಿದ್ದರು.

ಹಂಗಂದ್ರೇನವ್ವಾ?
ನೀನು ಬಂಗಾರ, ಅಂತ.

ಒಳ್ಳೆ ಹೆಸರು.
ಬೈಯುವವರೂ ಮೊದಲು ಹೊಗಳಿಯೇ ಕರೆಯಬೇಕು,
ಫೀಸು ಬಾಕಿ ಕೇಳುವವರೂ.

ಆದರೆ ವರ್ಕ್ ಅಂದರೆ ಬಂಗಾರವೇ?
ನಮ್ಮ ಓಣಿಯಲ್ಲಿ ಅದು ಬೆಳ್ಳಿ.
ಚೌಬಾರದ ಹಿಂದೆ ಗೈಬೂಸಾಬನ ಸುತ್ತಿಗೆ
ನಸುಕಿನ ಬಾಂಗಿಗೂ ಮೊದಲೇ ಏಳುತ್ತಿತ್ತು.
ತೊಗಲಿನ ಪುಸ್ತಕ, ಒಳಗೆ ಅಕ್ಷರವಿಲ್ಲ,
ಹಾಳೆಗೊಂದು ಬೆಳ್ಳಿ ಚೂರು,
ಠಪ್ ಠಪ್ ಠಪ್, ಮಧ್ಯಾಹ್ನದ ತನಕ.
ತೆರೆದು ತೋರಿಸುವಾಗ ಅನ್ನುತ್ತಿದ್ದ:
ಉಸುರು ಹಿಡಿ ಕೂಸೇ, ಹಾರಿ ಹೋಗ್ತದ ವರಖು.
ಹರಿದದ್ದೊಂದು ನಾಲಿಗೆಗೆ ಇಟ್ಟ.
ರುಚಿಯೇ ಇರಲಿಲ್ಲ.
ಆ ರುಚಿ ಇನ್ನೂ ಮರೆತಿಲ್ಲ.

ರಜಿಸ್ಟರಿನಿಂದ ತಲೆ ಎತ್ತಿದರು ಜಹೀರುದ್ದೀನ ಚಾಚಾ,
ನಿವೃತ್ತಿಗೆ ಎರಡು ತಿಂಗಳು, ಅರಬ್ಬಿಯ ಹುಚ್ಚು:
ವಾವ್, ರೇ, ಕಾಫ್. ಮೂರೇ ಅಕ್ಷರ ನೋಡು.
ಆ ಕಾಫು ಗಂಟಲ ತಳದಾಗ ಹುಟ್ಟಬೇಕು,
ನಮ್ಮ ದಖ್ಖನಿ ನಾಲಿಗಿಗಿ ಒಗ್ಗಂಗಿಲ್ಲ,
ಖ ಅಂದು ಪಾರಾಗ್ತೀವಿ.
ಇಕಿ ತಂದ ಹಕೀಮನ ಚೀಟಿ ಓದು:
ಯರಖಾನ್. ಅಂದ್ರ ಕಾಮಣಿ.
ಅದೂ ಇದೇ ಮನಿ ಕೂಸು,
ಬ್ಯಾರೆ ಬಾಗಿಲಿಂದ ಬಂದದ.

ಊಟದ ಹೊತ್ತು ಕಳೆದರೂ ಹೇಳುತ್ತಲೇ ಇದ್ದರು.
ಬಾಬಿಲಿನ ಹಸಿಮಣ್ಣ ಹಲಗೆಯ ಮೇಲೆ
ಮೊಳೆಯಂತೆ ಒತ್ತಿದ ಆ ಮಾತು
ಹಸಿರೂ ಅಲ್ಲ, ಹಳದಿಯೂ ಅಲ್ಲ,
ಎರಡರ ನಡುವಿನ ಎಳೆಬಿಸಿಲು.
ಹೀಬ್ರೂವಿನಲ್ಲಿ ವ ಸವೆದು ಯ ಆಯಿತಂತೆ
(ನಮ್ಮ ಪಸುರು ಹಸಿರಾಗಲಿಲ್ಲವೇ, ಹಾಗೆ),
ತಪ್ಪಲ ಪಲ್ಯವಾಗಿ ಬುಟ್ಟಿ ಸೇರಿತು,
ಪೈರಿಗೆ ಬೂಷ್ಟಾಗಿ, ಮೈಗೆ ರೋಗವಾಗಿ ಹತ್ತಿತು.
ಅರಬರ ಮರುಭೂಮಿಯಲ್ಲಿ ಎಲೆ,
ಎಲೆಯಿಂದ ಕಾಗದ, ಒಮ್ಮೊಮ್ಮೆ ಬೆಳ್ಳಿ ನಾಣ್ಯ.
ಕೆಂಪು ಕಡಲು ದಾಟಿ ಬೆಟ್ಟ ಹತ್ತಿದ್ದು
ಹಳದಿಯನ್ನೇ ಉಳಿಸಿಕೊಂಡು
ಬಂಗಾರವಾಗಿ ಕುಂತಿತು.

ಹಬ್ಶಿ ಕೋಟದ ಗುಡ್ಡದಲ್ಲಿ, ಗೋರಿಗಳ ನಡುವೆ
ನಾವು ಆಡು ಮೇಯಿಸಿದವರು.
ಹಡಗು ತಂದು ಇಳಿಸಿದ ಆ ಆಳುಗಳಲ್ಲಿ
ಯಾವನನ್ನಾದರೂ ಅವನ ತಾಯಿ
ನೀನು ಬಂಗಾರ ಅಂತಲೇ ಕರೆದಿದ್ದಳೇನೋ.
ಇಲ್ಲಿಯ ಬಜಾರಿನಲ್ಲಿ ವರಖು ಅಂದದ್ದು ಕೇಳಿ
ಬೆಚ್ಚಿ ತಿರುಗಿದನೇನೋ.
ಯಾರೂ ಅವನನ್ನು ಕರೆದಿರಲಿಲ್ಲ.

ಮಷೀನು ಗುಂಯ್ ಅಂದು ನಿಂತಿತು.
ಸೀರಮ್ಮು ದಟ್ಟ ಹಳದಿ, ಅಂಚಿಗೆ ಹಸಿರು ಛಾಯೆ.
ಬಿಲಿರುಬಿನ್ ಒಂಬತ್ತು ದಶಾಂಶ ಎರಡು.
ಐದು ಸಾವಿರ ವರ್ಷ ಸುತ್ತಿ ಬಂದ ಮಾತು
ನನ್ನ ಟ್ಯೂಬಿನಲ್ಲಿ ಮತ್ತೆ ಬರೀ ಬಣ್ಣ.

ಎಣ್ಣಿ ಬ್ಯಾಡ, ಖಾರ ಬ್ಯಾಡ, ಕುದಿಸಿದ ನೀರು ಕುಡಿ,
ಅಮ್ಮನಿಗೆ ಫೋನ್ ಮಾಡು ಅಂದೆ.
ಮಾಡಿದ್ದೇನೆ, ಅಂದಳು. ಮಾಡಿರಲಿಲ್ಲ;
ಗೊತ್ತಾಗುತ್ತದೆ.

ಹೋಗುವಾಗ ನನ್ನ ಕಿವಿ ತೋರಿಸಿ ಕೇಳಿದಳು:
ಕಡ್ಡಿ ಯಾಕೆ?

ಏನು ಹೇಳಲಿ.
ಓಲೆ ಅಡವಿಟ್ಟಿದ್ದೇನೆ, ಉಸ್ಮಾನಗಂಜಿನ ಸೇಠನ ಹತ್ತಿರ.
ಓಲೆ ಅಂದರೆ ಮೊದಲು ತಾಳೆಗರಿ,
ಆಮೇಲೆ ಅದರ ಮೇಲೆ ಬರೆದ ಕಾಗದ,
ಗರಿಯನ್ನೇ ಸುರುಳಿ ಸುತ್ತಿ ಕಿವಿಗಿಟ್ಟವಳ ಮೊಮ್ಮಗಳಿಗೆ
ಬಂಗಾರ.
ನಮ್ಮವರಿಗೆ ಈ ದಾರಿ ಯಾರೂ ಹೇಳಿಕೊಟ್ಟಿರಲಿಲ್ಲ,
ಎಲೆ ನೋಡುತ್ತ ನೋಡುತ್ತ ತಾವೇ ನಡೆದರು.

ತೂತು ಮುಚ್ಚಬಾರದಲ್ಲ, ಅದಕ್ಕೆ, ಅಂದೆ.
ಅವಳು ಬಗ್ಗಿ ಮೂಸಿದಳು.
ಬೇವು. ಬೆಳಿಗ್ಗೆ ಮುರಿದದ್ದು.
ಇನ್ನೂ ಹಸಿ.